ಸಿಲ್ವರ್ ಗೋಸ್ಟ್ ಸದ್ದಿಲ್ಲದೆ ಓಡಿದ್ದು ಹೇಗೆ?

ಮುರಿದ ಕ್ರ್ಯಾಂಕ್ ಶಾಫ್ಟ್, ಅಂದರೆ ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿಸುವ ಇಂಜಿನ್ ದಂಡ, ವರ್ಕ್‌ಶಾಪ್‌ಗೆ ಬಂದರೆ ನಾನು ಮೊದಲು ನೋಡುವುದು ಮುರಿದ ಜಾಗವನ್ನು. ಬಿರುಕು 45 ಡಿಗ್ರಿ ಓರೆಯಾಗಿ ಹರಿದಿದ್ದರೆ ಶಾಫ್ಟ್ ತಿರುಚಿ ತಿರುಚಿ ಸೋತಿದೆ ಎಂದೇ ಲೆಕ್ಕ. ಎಷ್ಟೋ ಸಲ ಅದು ಆಯಿಲ್ ತೂತಿನ ಅಂಚಿನಲ್ಲಿ ಶುರುವಾಗಿರುತ್ತದೆ. ಅಂಥ ತುಂಡು ಕೈಗೆ ಬಂದಾಗೆಲ್ಲ ನನಗೆ ರೋಲ್ಸ್-ರಾಯ್ಸ್ ಕಾರುಗಳನ್ನು ರೂಪಿಸಿದ ಇಂಜಿನಿಯರ್ ಹೆನ್ರಿ ರಾಯ್ಸ್ ನೆನಪಾಗುತ್ತಾರೆ.

ರಾಯ್ಸ್ ಅವರ ಮೊದಲ ಆರು ಸಿಲಿಂಡರ್ ಕಾರು 30 ಹಾರ್ಸ್‌ಪವರ್‌ನದು. ಆರು ಸಿಲಿಂಡರ್ ಸಾಲಾಗಿದ್ದರೆ ಪಿಸ್ಟನ್‌ಗಳ ಏರಿಳಿತ ಒಂದಕ್ಕೊಂದು ಸರಿದೂಗುತ್ತದೆ. ಆದರೂ ಆ ಇಂಜಿನ್ ಅದುರುತ್ತಿತ್ತು. ಕೆಲವು ಕಾರುಗಳ ಕ್ರ್ಯಾಂಕ್ ಮುರಿದೇ ಹೋಯಿತು. ತೊಂದರೆ ಇದ್ದದ್ದು ಶಾಫ್ಟಿನ ಉದ್ದದಲ್ಲಿ. ಒಂದೊಂದು ಸಿಲಿಂಡರ್ ಉರಿದಾಗಲೂ ಶಾಫ್ಟ್ ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂಚೂರು ತಿರುಚಿ ವಾಪಸ್ ಬರುತ್ತದೆ. ಜೋಕಾಲಿಯನ್ನು ಸರಿಯಾದ ಗಳಿಗೆಗೆ ತಳ್ಳುತ್ತಲೇ ಇದ್ದರೆ ಅದು ಏರುತ್ತಲೇ ಹೋಗುತ್ತದೆ, ಅಲ್ವಾ? ಇಂಜಿನ್ ಒಂದು ವೇಗಕ್ಕೆ ಬಂದಾಗ ಶಾಫ್ಟಿನ ತಿರುಚುವಿಕೆಯೂ ಹಾಗೇ ಏರುತ್ತದೆ. ಸುಮ್ನೆ ಬೋಲ್ಟ್ ಬಿಗಿ ಮಾಡಿದರೆ ಇದು ನಿಲ್ಲುವುದಿಲ್ಲ.

1906ರ ನವೆಂಬರ್‌ನಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನಕ್ಕೆ ಬಂದ 40/50 ಕಾರಿನಲ್ಲಿ (ಮುಂದೆ ಸಿಲ್ವರ್ ಗೋಸ್ಟ್ ಎಂದು ಹೆಸರಾದದ್ದು ಈ ಮಾದರಿಯೇ) ರಾಯ್ಸ್ ಬುಡದಿಂದಲೇ ಬದಲಾಯಿಸಿದ್ದರು. ಎರಡೆರಡು ಸಿಲಿಂಡರ್‌ಗಳ ಮೂರು ಬ್ಲಾಕ್ ಹೋಗಿ, ಮೂರು ಮೂರರ ಎರಡು ಬ್ಲಾಕ್ ಬಂದವು. ಶಾಫ್ಟ್ ದಪ್ಪವಾಯಿತು, ಏಳು ಬೇರಿಂಗ್‌ಗಳ ಮೇಲೆ ಕೂತಿತು. ಮೂರನೆಯ ಮತ್ತು ನಾಲ್ಕನೆಯ ಪಿಸ್ಟನ್ ಒಟ್ಟಿಗೇ ಏರಿ ಇಳಿಯುವುದರಿಂದ ನಡುವಿನ ಬೇರಿಂಗಿಗೆ ಹೊರೆ ಜಾಸ್ತಿ. ಅದನ್ನು ಉಳಿದವಕ್ಕಿಂತ ದೊಡ್ಡದಾಗಿಯೇ ಮಾಡಿದರು. ಇಂಜಿನ್ 7,036 ಸಿಸಿ. ಆದರೆ ಶಕ್ತಿ ಬರೀ 48 ಹಾರ್ಸ್‌ಪವರ್, ಅದೂ 1,250 ಆರ್‌ಪಿಎಂ ಸುಮಾರಿಗೆ. ಗಟ್ಟಿ ಶಾಫ್ಟ್ ಅಪಾಯದ ವೇಗವನ್ನು ಮೇಲಕ್ಕೆ ತಳ್ಳುತ್ತದೆ. ಇಂಜಿನ್ ನಿಧಾನವಾಗಿ ತಿರುಗುತ್ತಾ ಅದರಿಂದ ದೂರವೇ ಉಳಿಯುತ್ತದೆ. ಈ ಜೋಡಣೆ ನನಗೆ ತುಂಬಾ ಇಷ್ಟ.

ಇನ್ನು ಆಯಿಲ್. ಆಗಿನ ಎಷ್ಟೋ ಇಂಜಿನ್‌ಗಳಲ್ಲಿ ಆಯಿಲ್ ಎರಚಿ ಬಿದ್ದಷ್ಟೇ ಬೇರಿಂಗಿಗೆ ಸಿಗುತ್ತಿತ್ತು. ರಾಯ್ಸ್ ಪೊಳ್ಳು ಶಾಫ್ಟಿನ ಒಳಗಿಂದ ಪಂಪ್ ಒತ್ತಡದಲ್ಲಿ ಆಯಿಲ್ ಕಳಿಸಿದರು. ಲೋಹಕ್ಕೂ ಲೋಹಕ್ಕೂ ನಡುವೆ ಆಯಿಲ್ ಪದರ ಇದ್ದರೆ ಸದ್ದೂ ಇಲ್ಲ, ಸವೆತವೂ ಕಡಿಮೆ.

ಸಿಲ್ವರ್ ಗೋಸ್ಟ್ ಮೊದಲು ಒಂದೇ ಕಾರಿನ ಹೆಸರು. ಎಎಕ್ಸ್ 201 ನೋಂದಣಿ ಸಂಖ್ಯೆಯ ಬೆಳ್ಳಿ ಬಣ್ಣದ 40/50 ಕಾರಿಗೆ ರೋಲ್ಸ್-ರಾಯ್ಸ್ ಕಂಪನಿಯ ವ್ಯವಹಾರ ನೋಡುತ್ತಿದ್ದ ಕ್ಲಾಡ್ ಜಾನ್ಸನ್ ಇಟ್ಟದ್ದು. 1907ರಲ್ಲಿ ಅದನ್ನು ಲಂಡನ್–ಗ್ಲಾಸ್ಗೋ ನಡುವೆ ಮತ್ತೆ ಮತ್ತೆ ಓಡಿಸಿ 15,000 ಮೈಲಿ ಮುಗಿಸಿದರು. ಆಮೇಲೆ ಪೂರ್ತಿ ಬಿಚ್ಚಿ ಅಳತೆ ಹಿಡಿದು ನೋಡಿದರು. ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ 2 ಪೌಂಡ್ 2 ಶಿಲಿಂಗ್ 7 ಪೆನ್ಸ್! ಅಷ್ಟು ದೂರದಲ್ಲಿ ಕಾರು ತಾನಾಗಿ ನಿಂತದ್ದು ಒಂದೇ ಸಲ, 629ನೇ ಮೈಲಿಯಲ್ಲಿ. ಅಲುಗಾಟಕ್ಕೆ ಪೆಟ್ರೋಲ್ ಕೊಳವೆಯ ನಲ್ಲಿ ಮುಚ್ಚಿಕೊಂಡಿತ್ತು. ಅದನ್ನು ತೆರೆದು ಹೊರಟರು.