ಪಂಪಿನ ಮದ್ದು ಮೈಯಲ್ಲಿ ಎಲ್ಲಿಗೆ ಹೋಗುತ್ತದೆ? ದಾವಣಗೆರೆಯಲ್ಲಿ ಮುಗಿಯದ ಒಂದು ವಾದದ ಹಿನ್ನೆಲೆ

ಮೆಕ್ಕೆಜೋಳದ ಒಕ್ಕಣೆ ಶುರುವಾಗಿ ಚಳಿ ಬಿತ್ತೆಂದರೆ ದಾವಣಗೆರೆ ಸುತ್ತಮುತ್ತ ದಮ್ಮು (ಅಸ್ತಮಾ) ಇದ್ದವರಿಗೆ ಕಷ್ಟಕಾಲ. ಕಣದ ದೂಳು, ಅಕ್ಕಿ ಗಿರಣಿಯ ತೌಡು, ಮಂಡಕ್ಕಿ ಭಟ್ಟಿಗಳ ಹೊಗೆ, ಬೇಲಿಯುದ್ದಕ್ಕೂ ಪಾರ್ಥೇನಿಯಂ. ಜನ ಪಂಪು ಎನ್ನುವ ಇನ್‌ಹೇಲರ್‌ ಅನ್ನು ವೈದ್ಯರು ಬರೆದ ದಿನವೇ ಮನೆಯಲ್ಲಿ ಚರ್ಚೆ ಏಳುತ್ತದೆ. 'ಪಂಪು ಕೊನೇ ಹಂತದವರಿಗೆ', 'ಒಮ್ಮೆ ಹಿಡಿದರೆ ಬಿಡೋಕಾಗಲ್ಲ', 'ಅದರ ಬದಲು ಗುಳಿಗೆ ಬರ್ಕೊಡಿ ಅನ್ನು'. ಕೆಲವರು ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನ ಮೀನಿನ ಮದ್ದಿಗೆ ಹೋಗಿಬರುತ್ತಾರೆ. ಇಷ್ಟೆಲ್ಲ ಮಾತಿನ ನಡುವೆ ಎಳೆದ ಮದ್ದು ಒಳಗೆ ಏನು ಮಾಡುತ್ತದೆ ಎಂಬುದನ್ನು ವಿವರಿಸಿ ಹೇಳುವವರು ಕಡಿಮೆ.

ಉಸಿರಿನಲ್ಲಿ ಮದ್ದು ಎಳೆಯುವುದು ನಮ್ಮ ನೆಲಕ್ಕೆ ಹೊಸದಲ್ಲ. ಹಾಳುಭೂಮಿಯಲ್ಲಿ ಬೆಳೆಯುವ ಉಮ್ಮತ್ತಿಯ ಹೊಗೆಯನ್ನು ದಮ್ಮಿಗೆ ಸೇದುವ ರೂಢಿ ಭಾರತದಲ್ಲಿತ್ತು. 1802ರ ಸುಮಾರಿಗೆ ಅದು ಮದ್ರಾಸಿನಿಂದ ಬ್ರಿಟನ್ನಿಗೆ ಹೋಯಿತು. ಉಮ್ಮತ್ತಿ ವಿಷ, ಯಾರೂ ಪ್ರಯೋಗ ಮಾಡಬಾರದು. ಆದರೆ ಅದರಲ್ಲಿರುವ ಅಟ್ರೋಪಿನ್‌ ಜಾತಿಗೆ ಸೇರಿದ ಇಪ್ರಾಟ್ರೋಪಿಯಂ, ಟಯೋಟ್ರೋಪಿಯಂ ಇವತ್ತಿಗೂ ಇನ್‌ಹೇಲರ್‌ಗಳಲ್ಲಿವೆ. ಇಪ್ಪತ್ತನೇ ಶತಮಾನದ ಮೊದಲರ್ಧ ಅಡ್ರಿನಲಿನ್‌ ಚುಚ್ಚುಮದ್ದು, ದ್ರವ ಮದ್ದನ್ನು ಮಂಜಾಗಿಸುವ ಗಾಜಿನ ನೆಬ್ಯುಲೈಸರ್‌ಗಳಲ್ಲಿ ಕಳೆಯಿತು. ಅಮೆರಿಕದ ರೈಕರ್‌ ಲ್ಯಾಬೊರೇಟರೀಸ್‌ ಮುಖ್ಯಸ್ಥ ಜಾರ್ಜ್‌ ಮೇಸನ್‌ ಅವರನ್ನು ದಮ್ಮಿನಿಂದ ಬಳಲುತ್ತಿದ್ದ ಅವರ ಮಗಳೇ ಕೇಳಿದ್ದಳಂತೆ: ತಲೆಗೂದಲಿನ ಸ್ಪ್ರೇ ಹಾಗೆ ನನ್ನ ಔಷಧವೂ ಡಬ್ಬಿಯಲ್ಲಿ ಯಾಕೆ ಬರಬಾರದು? 1956ರಲ್ಲಿ ಅಳತೆ ಮಾಡಿ ಚಿಮ್ಮಿಸುವ ಮೊದಲ ಪಂಪು ಮಾರುಕಟ್ಟೆಗೆ ಬಂತು. 1969ರಲ್ಲಿ ಉಸಿರಿನ ಕೊಳವೆ ಸಡಿಲಿಸುವ ಸಾಲ್ಬ್ಯುಟಮಾಲ್‌, 1972ರಲ್ಲಿ ಊತ ಇಳಿಸುವ ಬೆಕ್ಲೊಮೆಥಾಸೋನ್‌ ಎಂಬ ಸ್ಟೆರಾಯ್ಡ್‌ ಪಂಪು.

ಹೀಗೆ ಎಳೆಯುವುದರ ದೊಡ್ಡ ಲಾಭ ಮೈಗೆ ಹೋಗುವ ಮದ್ದು ಕಡಿಮೆಯಾಗುವುದು. ಸಾಲ್ಬ್ಯುಟಮಾಲ್‌ ಪಂಪನ್ನು ಎರಡು ಸಲ ಒತ್ತಿದರೆ ಹೊರಬರುವುದು 200 ಮೈಕ್ರೋಗ್ರಾಂ (ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ). ಅದೇ ಔಷಧದ 4 ಮಿಲಿಗ್ರಾಂ ಗುಳಿಗೆಯಲ್ಲಿ ಇದರ 20 ಪಟ್ಟು ಇದೆ. ಗುಳಿಗೆ ಸೌಮ್ಯ, ಪಂಪು ಜೋರು ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹೊರಬಂದ 200 ಮೈಕ್ರೋಗ್ರಾಂ ಕೂಡ ಪೂರ್ತಿ ಒಳಗೆ ಇಳಿಯುವುದಿಲ್ಲ. ಗಂಟಲಿನಿಂದ ಕೆಳಗೆ ಉಸಿರಿನ ಕೊಳವೆ ಸುಮಾರು 23 ಸಲ ಕವಲೊಡೆಯುತ್ತದೆ. 5 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್‌ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದೊಡ್ಡ ಹನಿ ತಿರುವು ತೆಗೆದುಕೊಳ್ಳಲಾರದೆ ಗಂಟಲಿಗೇ ಬಡಿಯುತ್ತದೆ. 1 ಮೈಕ್ರಾನ್‌ಗಿಂತ ಸಣ್ಣದರಲ್ಲಿ ಬಹುಪಾಲು ಉಸಿರು ಬಿಟ್ಟಾಗ ಹೊರಗೆ ಹೋಗಿಬಿಡುತ್ತದೆ. ನಡುವಿನವು ಮಾತ್ರ ಬೇಕಾದಲ್ಲಿ ಕೂರುತ್ತವೆ. ಸಾಮಾನ್ಯ ಪಂಪಿನಲ್ಲಿ ಈ ಪಾಲು ನೂರಕ್ಕೆ 10ರಿಂದ 20ರಷ್ಟು. ಪಂಪಿಗೂ ಬಾಯಿಗೂ ನಡುವೆ ಸ್ಪೇಸರ್‌ ಎಂಬ ಟೊಳ್ಳು ಡಬ್ಬಿ ಸಿಕ್ಕಿಸಿದರೆ ಗಂಟಲಿಗೆ ಬಡಿಯುವುದು ತಗ್ಗುತ್ತದೆ. ಗಂಟಲಲ್ಲಿ ಉಳಿದದ್ದನ್ನು ನಾವು ನುಂಗುತ್ತೇವೆ. ಅದು ಕರುಳಿಗಿಳಿದು ಯಕೃತ್ತಿಗೆ ಹೋಗುತ್ತದೆ. ಬ್ಯುಡೆಸೊನೈಡ್‌ನಂಥ ಸ್ಟೆರಾಯ್ಡಿನ ಸುಮಾರು ಶೇ 90ರಷ್ಟನ್ನು ಯಕೃತ್ತು ಅಲ್ಲೇ ನಿಷ್ಕ್ರಿಯಗೊಳಿಸುತ್ತದೆ. ಶ್ವಾಸಕೋಶದಿಂದ ನೇರ ರಕ್ತಕ್ಕೆ ಸೇರುವ ಪಾಲಿಗೆ ಈ ತಡೆ ಇಲ್ಲ. ಹಾಗಾಗಿ ದೊಡ್ಡ ಪ್ರಮಾಣವನ್ನು ವರ್ಷಗಟ್ಟಲೆ ಎಳೆದರೆ ಅಡ್ಡಪರಿಣಾಮ ಬರಬಹುದು; ವೈದ್ಯರು ಸಾಕಾಗುವಷ್ಟು ಕಡಿಮೆ ಪ್ರಮಾಣಕ್ಕೆ ಇಳಿಸುತ್ತ ಬರುವುದು ಇದಕ್ಕೇ. ಸ್ಟೆರಾಯ್ಡ್‌ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಅಗ್ರ ಕಟ್ಟಬಹುದು.

ಎರಡು ಮದ್ದುಗಳ ಕೆಲಸ ಬೇರೆ ಬೇರೆ. ಸಾಲ್ಬ್ಯುಟಮಾಲ್‌ ಕೊಳವೆಯ ಸುತ್ತ ಬಿಗಿದ ಸ್ನಾಯುವನ್ನು ಐದು ನಿಮಿಷದೊಳಗೆ ಸಡಿಲಿಸುತ್ತದೆ, ನಾಲ್ಕರಿಂದ ಆರು ತಾಸು ಇರುತ್ತದೆ. ಅದರಲ್ಲಿ ಸ್ವಲ್ಪ ಪಾಲು ರಕ್ತಕ್ಕೆ ಸೇರಿದಾಗ ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ. ಸ್ಟೆರಾಯ್ಡ್‌ ಜೀವಕೋಶದ ಕೇಂದ್ರದವರೆಗೆ ಹೋಗಿ ಊತ ಹುಟ್ಟಿಸುವ ಪ್ರೋಟೀನುಗಳ ತಯಾರಿಯನ್ನೇ ತಗ್ಗಿಸುತ್ತದೆ. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. 'ಎಳೆದೆ, ಏನೂ ಅನ್ನಿಸಲಿಲ್ಲ' ಎಂದು ಜನ ಕೈಬಿಡುವುದು ಈ ಎರಡನೆಯದನ್ನೇ. ಸಾಲ್ಬ್ಯುಟಮಾಲಿನ ನೀಲಿ ಪಂಪು ಮಾತ್ರ ಜೇಬಿನಲ್ಲಿ ಉಳಿಯುತ್ತದೆ.

ನಮ್ಮ ಕಡೆ ಒತ್ತಿದರೆ ಚಿಮ್ಮುವ ಗ್ಯಾಸಿನ ಪಂಪಿಗಿಂತ ಕಡಿಮೆ ಬೆಲೆಗೆ ಸಿಗುವುದು ಕ್ಯಾಪ್ಸೂಲಿನ ಪುಡಿ. ಕ್ಯಾಪ್ಸೂಲನ್ನು ಸಾಧನದ ತೂತಿಗೆ ಹಾಕಿ ತಿರುಗಿಸಿದರೆ ಅದು ಒಡೆಯುತ್ತದೆ, ಲ್ಯಾಕ್ಟೋಸ್‌ ಬೆರೆಸಿದ ಪುಡಿ ಉದುರುತ್ತದೆ. ಇದನ್ನು ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು. ಪುಡಿಯನ್ನು ಬಿಡಿಸುವ ಶಕ್ತಿ ನಮ್ಮ ಉಸಿರಿನದೇ. ಗ್ಯಾಸಿನ ಪಂಪಿಗೆ ತದ್ವಿರುದ್ಧ: ನಿಧಾನವಾಗಿ, ಆಳವಾಗಿ. ಎರಡರಲ್ಲೂ ಆಮೇಲೆ ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಟ್ಟಾಗ ಈ ವ್ಯತ್ಯಾಸ ಹೇಳದಿದ್ದರೆ ಮದ್ದೆಲ್ಲ ಗಂಟಲ ಪಾಲು. ಎಷ್ಟೋ ಮಂದಿ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುತ್ತಾರೆ. ಕೆಲವರು ಸಾಧನದೊಳಗೆ ಊದುತ್ತಾರೆ. ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಸಾಲು ನಿಂತ ಹೊರರೋಗಿ ವಿಭಾಗದಲ್ಲಿ, ರಶ್ಶಿನ ಅಂಗಡಿಯಲ್ಲಿ ಎಳೆಯಿಸಿ ನೋಡುವಷ್ಟು ಬಿಡುವು ಸಿಗುವುದಿಲ್ಲ. ಬೆಲೆಬಾಳುವ ಮದ್ದು ಕೊಟ್ಟು ಆ ಹತ್ತು ನಿಮಿಷ ಕೊಡದಿರುವುದು ನನಗಂತೂ ದೊಡ್ಡ ನಷ್ಟವಾಗಿ ಕಾಣುತ್ತದೆ.

ನೀಲಿ ಪಂಪನ್ನೇ ನೆಚ್ಚಿದರೆ ಏನಾಗಬಹುದು ಎಂಬುದರ ಸುಳಿವು 1960ರ ದಶಕದಲ್ಲೇ ಸಿಕ್ಕಿತ್ತು. ಬ್ರಿಟನ್‌ ಮತ್ತು ಕೆಲವು ದೇಶಗಳಲ್ಲಿ ಸಾಲ್ಬ್ಯುಟಮಾಲ್‌ಗಿಂತ ಮೊದಲಿದ್ದ, ಅದರಂತೆಯೇ ಕೊಳವೆ ಸಡಿಲಿಸುವ ಐಸೊಪ್ರಿನಲಿನ್‌ನ ಪ್ರಬಲ ಪಂಪುಗಳು ಬಂದ ಕಾಲಕ್ಕೇ ದಮ್ಮಿನಿಂದ ಎಳೆಯರ ಸಾವು ಏರಿತು. ಮದ್ದು ಹೃದಯಕ್ಕೆ ಹೊಡೆಯಿತು ಎಂದವರಿದ್ದಾರೆ. ತಾತ್ಕಾಲಿಕ ಆರಾಮ ನಂಬಿ ಆಸ್ಪತ್ರೆಗೆ ತಡವಾಗಿ ಬಂದರು ಎಂದವರೂ ಇದ್ದಾರೆ. ಮಾರ್ಗಸೂಚಿ ಪೂರ್ತಿ ಬದಲಾಗಲು ಮಾತ್ರ ಅರ್ಧ ಶತಮಾನ ಬೇಕಾಯಿತು. ಹದಿಹರೆಯದವರು, ವಯಸ್ಕರು ಯಾರೂ ಬರೀ ನೀಲಿ ಪಂಪಿನ ಮೇಲೆ ಇರಬಾರದು ಎಂದು ಅಸ್ತಮಾದ ಜಾಗತಿಕ ಮಾರ್ಗಸೂಚಿ 2019ರಲ್ಲಿ ಹೇಳಿತು. ಬೇಗ ಸಡಿಲಿಸುವ ಫಾರ್ಮೊಟೆರಾಲ್‌, ಊತ ಇಳಿಸುವ ಬ್ಯುಡೆಸೊನೈಡ್‌ ಎರಡೂ ಒಂದರಲ್ಲೇ ಇರುವ ಇನ್‌ಹೇಲರ್‌ಗಳು ದಾವಣಗೆರೆಯ ಅಂಗಡಿಗಳಲ್ಲೂ ಸಿಗುತ್ತವೆ. ಅವುಗಳ ಬೆಲೆ ನೀಲಿ ಪಂಪಿಗಿಂತ ಹೆಚ್ಚು. ತಿಂಗಳ ಕೊನೆಯಲ್ಲಿ ಎರಡರಲ್ಲೊಂದು ಬಿಡಬೇಕಾಗಿ ಬಂದಾಗ ದಿನಗೂಲಿಯ ಮನೆಗಳು ಯಾವುದನ್ನು ಉಳಿಸಿಕೊಳ್ಳುತ್ತವೆ ಎಂಬುದನ್ನು ಚೀಟಿ ಬರೆಯುವ ಹೊತ್ತಿಗೇ ಕೇಳಿ ತಿಳಿದುಕೊಳ್ಳಬೇಕು.