ಆಟಕ್ಕುಂಟು, ಲೆಕ್ಕಕ್ಕಿಲ್ಲ: ಅಲ್ಯುಲೋಸ್ ಎಂಬ ಸಕ್ಕರೆಯ ಹಿನ್ನೆಲೆ

ಅಲ್ಯುಲೋಸ್ ಎಂಬ ಕಡಿಮೆ ಕ್ಯಾಲೊರಿಯ ಸಿಹಿ ಸಕ್ಕರೆಯೋ ಅಲ್ಲವೋ? ಕೇಳಿದ ಕಡೆಯಲ್ಲೆಲ್ಲ ಬೇರೆ ಬೇರೆ ಉತ್ತರ ಸಿಗುತ್ತದೆ. ರಸಾಯನಶಾಸ್ತ್ರದ ಪ್ರಕಾರ ಅನುಮಾನವೇ ಬೇಡ, ಅದು ಸಕ್ಕರೆಯೇ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪೊಟ್ಟಣದ ಮೇಲಿನ ಸಕ್ಕರೆಯ ಸಾಲಿನಲ್ಲಿ ಇದನ್ನು ಲೆಕ್ಕ ಹಾಕದಿದ್ದರೂ ಅಡ್ಡಿಯಿಲ್ಲ ಎನ್ನುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಇದನ್ನು ಆಹಾರಕ್ಕೆ ಬೆರೆಸಿ ಮಾರಲು ಅನುಮತಿಯೇ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯದು ಇನ್ನೂ ತಮಾಷೆ. ತೂಕ ಇಳಿಸಲು ಸಕ್ಕರೆಯೇತರ ಸಿಹಿಗಳನ್ನು ನೆಚ್ಚಬೇಡಿ ಎಂದು 2023ರ ಮೇ ತಿಂಗಳಲ್ಲಿ ಅದು ಹೇಳಿತು. ಆದರೆ ಕಡಿಮೆ ಕ್ಯಾಲೊರಿಯ ಸಕ್ಕರೆಗಳಿಗೆ ಈ ಮಾತು ಅನ್ವಯಿಸುವುದಿಲ್ಲ ಎಂದೂ ಸೇರಿಸಿತು. ಕಾರಣ, ಅವು ಸಕ್ಕರೆಗಳು!

ಮನೆಯಲ್ಲಿ ಶುಗರ್ ಇದ್ದವರಿದ್ದರೆ ಈ ಹೆಸರು ಈಗಾಗಲೇ ಕಿವಿಗೆ ಬಿದ್ದಿರುತ್ತದೆ. ಕೀಟೋ ಪಥ್ಯದ ವಿಡಿಯೊಗಳಲ್ಲಿ, ಅಮೆರಿಕದಲ್ಲಿರುವ ಮಕ್ಕಳ ಫೋನ್ ಮಾತಿನಲ್ಲಿ ಅದು ಬಂದುಹೋಗುತ್ತಿರುತ್ತದೆ. ರುಚಿ ಸಕ್ಕರೆಯದ್ದೇ, ಸಿಹಿ ಸುಮಾರು ಶೇ 70ರಷ್ಟು. ಸ್ಟೀವಿಯಾದಂತೆ ನಾಲಿಗೆಯ ಮೇಲೆ ಕಹಿ ಉಳಿಯುವುದಿಲ್ಲ. ಒಲೆಯ ಮೇಲಿಟ್ಟರೆ ಸಕ್ಕರೆಯಂತೆಯೇ ಕೆಂಪಗಾಗುತ್ತದೆ, ಅದೂ ಸಕ್ಕರೆಗಿಂತ ಬೇಗ. ಕೇಕ್ ಮಾಡುವವರು ಓವನ್ನಿನ ಉರಿ ತಗ್ಗಿಸದಿದ್ದರೆ ಮೇಲ್ಭಾಗ ಸೀದು ಒಳಗೆ ಹಸಿಯಾಗಿಯೇ ಉಳಿಯುವುದುಂಟು. ಐಸ್‌ಕ್ರೀಮಿಗೆ ಹಾಕಿದರೆ ಅದು ಕಲ್ಲಾಗದೆ ಮೆತ್ತಗಿರುತ್ತದೆ. ಬರೀ ಸಿಹಿಯನ್ನಷ್ಟೇ ಕೊಡುವ ಪುಡಿಗಳಿಂದ ಇದ್ಯಾವುದೂ ಆಗದು. ಆಹಾರ ಕಂಪನಿಗಳು ಇದರ ಬೆನ್ನು ಹತ್ತಿದ್ದು ಅದಕ್ಕಾಗಿಯೇ.

1879ರ ಸ್ಯಾಕರಿನ್, 1969ರಲ್ಲಿ ಅಮೆರಿಕ ನಿಷೇಧಿಸಿದ ಸೈಕ್ಲಮೇಟ್, 1981ರಲ್ಲಿ ಅಲ್ಲೇ ಒಪ್ಪಿಗೆ ಪಡೆದ ಆಸ್ಪರ್ಟೇಮ್: ನೂರು ವರ್ಷ ಜನ ಹುಡುಕಿದ್ದು ಸಕ್ಕರೆಯಲ್ಲದ ಸಿಹಿಯನ್ನು. ಸಕ್ಕರೆಯೇ ಆಗಿದ್ದು ಮೈಗೆ ಹತ್ತದ ಸಿಹಿಯೊಂದು ಇರಬಾರದೇಕೆ ಎಂಬ ಯೋಚನೆ ಗಟ್ಟಿಯಾಗಿದ್ದು ಆಮೇಲೆ.

ಆ ಯೋಚನೆಯ ಹಿಂದೆ ಬಿದ್ದವರಲ್ಲಿ ಒಬ್ಬರು ಅಮೆರಿಕದ ಎಂಜಿನಿಯರ್ ಗಿಲ್ಬರ್ಟ್ ಲೆವಿನ್. 1976ರಲ್ಲಿ ಮಂಗಳ ಗ್ರಹಕ್ಕಿಳಿದ ವೈಕಿಂಗ್ ನೌಕೆಗಳಲ್ಲಿ ಜೀವದ ಕುರುಹು ಹುಡುಕುವ ಪ್ರಯೋಗವೊಂದನ್ನು ಇಟ್ಟವರು ಇವರೇ. ಸಾಮಾನ್ಯ ಸಕ್ಕರೆಯ ಕನ್ನಡಿ ಪ್ರತಿಬಿಂಬದಂಥ ಸಕ್ಕರೆಗಳ ಮೇಲೆ ಅವರ ಕಣ್ಣಿತ್ತು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದದ ಹಾಗೆ, ನಮ್ಮ ಕಿಣ್ವಗಳಿಗೆ ಅವು ಹೊಂದುವುದಿಲ್ಲ. ಆದರೆ ಅವನ್ನು ತಯಾರಿಸುವುದು ಸಿಕ್ಕಾಪಟ್ಟೆ ದುಬಾರಿ. ಕೊನೆಗೆ ಅವರು ಬಂದು ನಿಂತದ್ದು ಹಾಲಿನ ಲ್ಯಾಕ್ಟೋಸ್‌ನಿಂದ ಮಾಡಬಹುದಾದ ಟ್ಯಾಗಟೋಸ್ ಹತ್ತಿರ. ಸಿಹಿ ಹೆಚ್ಚುಕಡಿಮೆ ಸಕ್ಕರೆಯಷ್ಟೇ, ಗ್ರಾಂಗೆ 4ರ ಬದಲು 1.5 ಕ್ಯಾಲೊರಿ. 2001ರಲ್ಲಿ ಅಮೆರಿಕದಲ್ಲಿ ದಾರಿ ತೆರೆಯಿತು. ಯುರೋಪಿನ ಡೇರಿ ಕಂಪನಿ ಮತ್ತು ಸಕ್ಕರೆ ಕಂಪನಿ ಸೇರಿ ಉತ್ಪಾದನೆಯನ್ನೂ ಆರಂಭಿಸಿದವು. 2006ರಲ್ಲಿ ಅದನ್ನು ನಿಲ್ಲಿಸಲಾಯಿತು. ಅಷ್ಟೂ ಕಾಲ ಪೊಟ್ಟಣದ ಮೇಲೆ ಟ್ಯಾಗಟೋಸ್ 'ಸಕ್ಕರೆ' ಎಂದೇ ಎಣಿಕೆಯಾಗುತ್ತಿತ್ತು. ಹಲ್ಲು ಹುಳುಕಾಗಿಸುವುದಿಲ್ಲ ಎಂದು ಬರೆದುಕೊಳ್ಳಲು ಎಫ್‌ಡಿಎ ಬಿಟ್ಟಿತ್ತು, ಸಕ್ಕರೆಯ ಅಂಕಿಯನ್ನು ಕಳೆಯಲು ಬಿಟ್ಟಿರಲಿಲ್ಲ. ಮುಂದೆ ಬಂದ ಅಲ್ಯುಲೋಸ್ ಕಂಪನಿಗಳ ಗಮನವೆಲ್ಲ ಆ ಅಂಕಿಯ ಮೇಲೆಯೇ ನೆಟ್ಟಿತು.

ಅಲ್ಯುಲೋಸ್‌ನ ಊರು ಜಪಾನ್. ಶಿಕೋಕು ದ್ವೀಪದ ಕಗಾವಾ ವಿಶ್ವವಿದ್ಯಾಲಯದ ಕೆನ್ ಇಜುಮೊರಿ, ಪ್ರಕೃತಿಯಲ್ಲಿ ಅಪರೂಪಕ್ಕೆ ಸಿಗುವ ಸಕ್ಕರೆಗಳ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರು. ಅಂಜೂರ, ಒಣದ್ರಾಕ್ಷಿ, ಕಾಕಂಬಿಗಳಲ್ಲಿ ಅಲ್ಯುಲೋಸ್ ಇದೆ, ಆದರೆ ಹಿಂಡಿ ತೆಗೆಯುವಷ್ಟಿಲ್ಲ. 1990ರ ದಶಕದ ಆರಂಭದಲ್ಲಿ ಅವರ ತಂಡಕ್ಕೆ ಕೃಷಿ ವಿಭಾಗದ ಕ್ಯಾಂಟೀನ್ ಹಿಂಭಾಗದ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದರ ಕಿಣ್ವ ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಅಣುವಿನ ಮೂರನೇ ಇಂಗಾಲಕ್ಕೆ ಅಂಟಿದ ಗುಂಪನ್ನು ತಿರುಗಿಸಿ ಕೂರಿಸುತ್ತದೆ. ಅಷ್ಟೇ ವ್ಯತ್ಯಾಸ. ಪರಮಾಣುಗಳ ಸಂಖ್ಯೆ ಅದೇ, ತೂಕ ಅದೇ, ಹೆಸರು ಮಾತ್ರ ಅಲ್ಯುಲೋಸ್.

ಫ್ರಕ್ಟೋಸ್ ಅಂತೂ ಮೆಕ್ಕೆಜೋಳದ ಪಿಷ್ಟದಿಂದ ಟನ್ನುಗಟ್ಟಲೆ ತಯಾರಾಗುತ್ತಿತ್ತು. ಕಿಣ್ವವನ್ನು ಎಷ್ಟು ದುಡಿಸಿಕೊಂಡರೂ ಮೂರನೇ ಒಂದು ಭಾಗದಷ್ಟು ಮಾತ್ರ ಅಲ್ಯುಲೋಸ್ ಆಗಿ, ಉಳಿದದ್ದು ಫ್ರಕ್ಟೋಸ್ ಆಗಿಯೇ ನಿಲ್ಲುತ್ತದೆ. ಎರಡನ್ನೂ ಬೇರ್ಪಡಿಸಿ ಉಳಿದದ್ದನ್ನು ಮತ್ತೆ ಮತ್ತೆ ತಿರುಗಿಸಬೇಕು. ಬೆಲೆ ಏರುವುದು ಅಲ್ಲಿಯೇ. ಇದಕ್ಕಿಂತ ಚುರುಕಾದ ಕಿಣ್ವಗಳನ್ನು ದಕ್ಷಿಣ ಕೊರಿಯಾದ ಸಂಶೋಧಕರು ಕಂಡುಕೊಂಡರು. ಅಲ್ಲಿನ ಕಂಪನಿ ಸಿಜೆ 2012ರಲ್ಲಿ ಅಮೆರಿಕದ ಬಾಗಿಲು ತೆರೆಯಿತು. ಅಮೆರಿಕದ ಪದ್ಧತಿಯಲ್ಲಿ, ವಸ್ತು ಸುರಕ್ಷಿತ ಎಂದು ಕಂಪನಿಯೇ ಪುರಾವೆ ಒಟ್ಟುಮಾಡಿ ತಿಳಿಸುತ್ತದೆ. ಎಫ್‌ಡಿಎ 'ನಮಗೆ ಪ್ರಶ್ನೆಗಳಿಲ್ಲ' ಎಂದು ಪತ್ರ ಬರೆಯುತ್ತದೆ. ಒಪ್ಪಿಗೆ ಎಂದರೆ ಅಷ್ಟೇ.

ಸಿಕ್ಕು ಬಿದ್ದದ್ದು ಇಲ್ಲಿಂದ ಮುಂದೆ. ಅಮೆರಿಕದ ಲೇಬಲ್ ನಿಯಮದಲ್ಲಿ ಸಕ್ಕರೆಯ ವ್ಯಾಖ್ಯೆ ಪೂರ್ತಿ ರಸಾಯನಶಾಸ್ತ್ರದ್ದು: ಬಿಡಿಯಾಗಿರುವ ಏಕ ಶರ್ಕರ (ಒಂದೇ ಸಕ್ಕರೆ ಘಟಕದವು), ದ್ವಿ ಶರ್ಕರ (ಎರಡು ಘಟಕ ಸೇರಿದವು) ಎಲ್ಲವೂ ಸಕ್ಕರೆ. ದೇಹದಲ್ಲಿ ಅವು ಏನಾಗುತ್ತವೆ ಎಂಬ ಮಾತೇ ಅದರಲ್ಲಿಲ್ಲ. 2016ರ ಮೇ ತಿಂಗಳಲ್ಲಿ ಎಫ್‌ಡಿಎ ಲೇಬಲ್ ಬದಲಿಸಿ 'ಸೇರಿಸಿದ ಸಕ್ಕರೆ' ಎಂಬ ಹೊಸ ಸಾಲು ತಂದಾಗ ಕಂಪನಿಗಳಿಗೆ ಕಸಿವಿಸಿ ಶುರುವಾಯಿತು. 12 ಗ್ರಾಂ ಅಲ್ಯುಲೋಸ್ ಇರುವ ಒಂದು ಸ್ನ್ಯಾಕ್ ಬಾರ್ ತೆಗೆದುಕೊಳ್ಳಿ. ಆಗಿನ ಲೆಕ್ಕದಲ್ಲಿ ಸಕ್ಕರೆ 12 ಗ್ರಾಂ, ಸೇರಿಸಿದ ಸಕ್ಕರೆಯೂ 12 ಗ್ರಾಂ, ಅದರಿಂದ 48 ಕ್ಯಾಲೊರಿ, ದಿನದ ಮಿತಿ 50 ಗ್ರಾಂನಲ್ಲಿ ಶೇ 24. ಕೈಯಲ್ಲಿ ಪೊಟ್ಟಣ ಹಿಡಿದವರಿಗೆ ಮಾಮೂಲಿ ಚಾಕೊಲೇಟಿಗೂ ಇದಕ್ಕೂ ಏನು ವ್ಯತ್ಯಾಸ ಕಂಡೀತು? ದುಬಾರಿ ಬೆಲೆ ಕೊಟ್ಟು ಯಾರು ಕೊಂಡಾರು?

2015ರಲ್ಲೇ ಟೇಟ್ ಆಂಡ್ ಲೈಲ್ ಕಂಪನಿ ವಿನಾಯಿತಿ ಕೋರಿ ಅರ್ಜಿ ಹಾಕಿತ್ತು. 2016ರ ನಿಯಮದಲ್ಲಿ ಎಫ್‌ಡಿಎ ತೀರ್ಮಾನ ಹೇಳದೆ ಮುಂದಕ್ಕೆ ಹಾಕಿತು. ಅರ್ಜಿಯ ವಾದಕ್ಕೆ ಬಲವಿತ್ತು ಎನ್ನಲೇಬೇಕು. ತಿಂದ ಅಲ್ಯುಲೋಸ್‌ನಲ್ಲಿ ಸುಮಾರು ಶೇ 70 ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಯಾವ ಅಂಗವೂ ಅದನ್ನು ಹೆಚ್ಚುಕಡಿಮೆ ಬಳಸಿಕೊಳ್ಳುವುದಿಲ್ಲ, ಮೂತ್ರದಲ್ಲಿ ಹಾಗೆಯೇ ಹೊರಹೋಗುತ್ತದೆ. ದೊಡ್ಡ ಕರುಳಿಗೆ ಇಳಿದ ಉಳಿಕೆಯೂ ಅಷ್ಟಾಗಿ ಹುದುಗುವುದಿಲ್ಲ. ರಕ್ತದ ಗ್ಲೂಕೋಸ್ ಏರುವುದಿಲ್ಲ, ಹಲ್ಲಿಗೂ ಕಾಟವಿಲ್ಲ. ಹೀಗಿರುವಾಗ ಸಕ್ಕರೆಯ ಹಾನಿಯನ್ನು ಎಚ್ಚರಿಸಲು ಇಟ್ಟ ಸಾಲಿನಲ್ಲಿ ಇದನ್ನು ಏಕೆ ಸೇರಿಸಬೇಕು?

2019ರ ಏಪ್ರಿಲ್‌ನಲ್ಲಿ ಕರಡು ಬಂತು, 2020ರ ಅಕ್ಟೋಬರ್‌ನಲ್ಲಿ ಅಂತಿಮ ಮಾರ್ಗಸೂಚಿ. ಅಲ್ಯುಲೋಸ್ ಅನ್ನು ಒಟ್ಟು ಸಕ್ಕರೆಯಿಂದಲೂ ಸೇರಿಸಿದ ಸಕ್ಕರೆಯಿಂದಲೂ ಕೈಬಿಡಬಹುದು, ಗ್ರಾಂಗೆ 0.4 ಕ್ಯಾಲೊರಿ ಹಾಕಿದರೆ ಸಾಕು. ಒಟ್ಟು ಕಾರ್ಬೋಹೈಡ್ರೇಟ್‌ನಲ್ಲಿ ಮಾತ್ರ ತೋರಿಸಲೇಬೇಕು. ಅದೇ ಸ್ನ್ಯಾಕ್ ಬಾರ್‌ನಲ್ಲಿ ಈಗ ಅಲ್ಯುಲೋಸ್ ಬಾಬ್ತಿನ ಸಕ್ಕರೆ ಸೊನ್ನೆ, ಕ್ಯಾಲೊರಿ ಸುಮಾರು 5. ಒಂದು ಸೂಕ್ಷ್ಮ ಇಲ್ಲಿ ಕಣ್ತಪ್ಪುತ್ತದೆ: ಸಕ್ಕರೆಯ ವ್ಯಾಖ್ಯೆ ಬದಲಾಗಲಿಲ್ಲ. ನಿಯಮ ಹಳೆಯದೇ, ಹೀಗೆ ಮಾಡಿದವರ ಮೇಲೆ ಕ್ರಮ ಜರುಗಿಸುವುದಿಲ್ಲ ಎಂಬ ಭರವಸೆ ಮಾತ್ರ ಹೊಸದು. ಕಾನೂನಿನ ಪುಸ್ತಕದಲ್ಲಿ ಸಕ್ಕರೆ, ಪೊಟ್ಟಣದ ಮೇಲೆ ಸೊನ್ನೆ.

ವಿಜ್ಞಾನದ ಮಟ್ಟಿಗೆ ಈ ತೀರ್ಮಾನಕ್ಕೆ ತಕರಾರಿಲ್ಲ. ಆದರೆ ಅಂಕಿಯನ್ನು ಒಂದು ಸಾಲಿನಿಂದ ತೆಗೆದ ಮೇಲೆ ಇನ್ನೊಂದು ಸಾಲಿನಲ್ಲಿ 'ಅಲ್ಯುಲೋಸ್ ಇಷ್ಟು ಗ್ರಾಂ' ಎಂದು ಕಡ್ಡಾಯವಾಗಿ ಬರೆಸಬಹುದಿತ್ತಲ್ಲ? ಆ ಪ್ರಮಾಣ ಗೊತ್ತಿರಬೇಕಾದ ಕಾರಣವಿದೆ. 2018ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನವೊಂದು, ಒಂದೇ ಸಲಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.4 ಗ್ರಾಂ, ದಿನಕ್ಕೆ 0.9 ಗ್ರಾಂ ಮೀರದಿರಲಿ ಎಂದಿತು. ಮೀರಿದರೆ ಹೊಟ್ಟೆ ಉಬ್ಬರ, ಭೇದಿ. 60 ಕಿಲೋ ತೂಕದವರಿಗೆ ಅದು ಒಂದು ಸಲಕ್ಕೆ 24 ಗ್ರಾಂ. 20 ಕಿಲೋದ ಮಗುವಿಗೆ ಅದೇ ಲೆಕ್ಕ ಹಾಕಿದರೆ 8 ಗ್ರಾಂ, ಮೇಲಿನ ಸ್ನ್ಯಾಕ್ ಬಾರ್‌ನಲ್ಲಿ ಮುಕ್ಕಾಲು ಭಾಗವೂ ಅಲ್ಲ. ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಹಿಟ್ಟು, ನಾರಿನ ಜೊತೆ ಬೆರೆತುಹೋದ ಅಂಕಿಯಿಂದ ಇದನ್ನು ಯಾವ ತಾಯಿ ಹೆಕ್ಕಿ ತೆಗೆದಾಳು?

ಯುರೋಪಿನ ದಾರಿ ಬೇರೆ. 1997ರ ಮೇ 15ಕ್ಕೆ ಮೊದಲು ಅಲ್ಲಿನ ಜನ ಗಣನೀಯವಾಗಿ ತಿಂದಿರದ ಆಹಾರವೆಲ್ಲ 'ಹೊಸ ಆಹಾರ'. ಮಾರುವ ಮೊದಲು ಸುರಕ್ಷತೆ ರುಜುವಾತಾಗಬೇಕು. ಒಣದ್ರಾಕ್ಷಿಯಲ್ಲಿ ಚೂರುಪಾರು ಇದೆ ಎಂಬುದು ಅಲ್ಲಿ ನಡೆಯದು. ಒಂದೇ ಪುಡಿ ಅಟ್ಲಾಂಟಿಕ್‌ನ ಈಚೆ ದಡದಲ್ಲಿ ಕಡತ, ಆಚೆ ದಡದಲ್ಲಿ ಕಿರಾಣಿ ಸಾಮಾನು.

ನಮ್ಮಲ್ಲಿ ಈ ಜಾತಿಯ ವಸ್ತುಗಳ ಕೆಲಸ ಹೊಸದೇನಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧಕರು ಸಕ್ಕರೆಯಿಂದ ಶಿಲೀಂಧ್ರದ ಕಿಣ್ವ ಬಳಸಿ ಫ್ರಕ್ಟೋ ಆಲಿಗೊಸ್ಯಾಕರೈಡ್ ತಯಾರಿಸುವ ಬಗ್ಗೆ ಎರಡು ದಶಕಗಳ ಹಿಂದೆಯೇ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಅದೂ ಕಡಿಮೆ ಕ್ಯಾಲೊರಿಯ ನವಿರು ಸಿಹಿ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮವೂ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆಗಳನ್ನು ಬೇರೆ ಬೇರೆ ಬರೆಯಬೇಕು ಎನ್ನುತ್ತದೆ. ಇಲ್ಲಿಯೂ ದಿನದ ಲೆಕ್ಕ 50 ಗ್ರಾಂ. ನಮ್ಮ ನಿಯಮಗಳಲ್ಲಿ ಇನ್ನೊಂದು ಅಭ್ಯಾಸವಿದೆ, ಅದು ನನಗೆ ಹಿಡಿಸುತ್ತದೆ. ಐಸೋಮಾಲ್ಟುಲೋಸ್, ಟ್ರೆಹಲೋಸ್ ಎಂಬ ದ್ವಿ ಶರ್ಕರಗಳಿದ್ದರೆ, ಪೊಟ್ಟಣದ ಮೇಲೆ ಹೆಸರು ಹಿಡಿದು ಹಾಗೆಂದು ಬರೆಯಬೇಕು. ಪಾಲಿಯಾಲ್‌ಗಳಿದ್ದರೆ (ಸಕ್ಕರೆ ಆಲ್ಕೊಹಾಲ್ ಎಂಬ ಸಿಹಿಗಳು) ಭೇದಿಯಾಗಬಹುದೆಂಬ ಸಾಲೂ ಇರಬೇಕು. ಅಕ್ಷರ ಸಾಸಿವೆಯಷ್ಟಿರುತ್ತದೆ, ನಿಜ. ಆದರೂ ಹುಡುಕಿದವರಿಗೆ ಸಿಗುತ್ತದೆ.

ಅಮೆರಿಕದಲ್ಲಿ ಮಾತು ಅಲ್ಯುಲೋಸ್‌ಗೆ ಮುಗಿದಿಲ್ಲ. ಅಂತಿಮ ಮಾರ್ಗಸೂಚಿ ಬಂದ ತಿಂಗಳಲ್ಲೇ ಎಫ್‌ಡಿಎ ಇನ್ನೊಂದು ಪ್ರಕಟಣೆ ಹೊರಡಿಸಿ, ಮಾಮೂಲಿ ಸಕ್ಕರೆಯಂತೆ ದೇಹದಲ್ಲಿ ವರ್ತಿಸದ ಬೇರೆ ಸಕ್ಕರೆಗಳನ್ನು ಲೇಬಲ್‌ನಲ್ಲಿ ಹೇಗೆ ತೋರಿಸಬೇಕೆಂದು ಮಾಹಿತಿ ಕೇಳಿತು. ಸಕ್ಕರೆ ಎಂಬ ಒಂದೇ ಸಾಲಿಗೆ ಈಗ ಮೂರು ಅಳತೆಗೋಲುಗಳು ಜಗ್ಗಾಡುತ್ತಿವೆ: ಕ್ಯಾಲೊರಿ, ರಕ್ತದ ಗ್ಲೂಕೋಸ್, ಹಲ್ಲಿನ ಹುಳುಕು. ಅಲ್ಯುಲೋಸ್ ಮೂರರಲ್ಲೂ ಪಾಸಾಗಿತ್ತು. ಟ್ಯಾಗಟೋಸ್ ಹಲ್ಲಿಗೆ ಒಳ್ಳೆಯದು, ಗ್ಲೂಕೋಸನ್ನೂ ಅಷ್ಟಾಗಿ ಏರಿಸದು, ಕ್ಯಾಲೊರಿ ಮಾತ್ರ 1.5 ಇದೆ. ಐಸೋಮಾಲ್ಟುಲೋಸ್ ಹಲ್ಲಿಗೆ ಪರವಾಗಿಲ್ಲ, ನಿಧಾನವಾಗಿ ಜೀರ್ಣವಾಗುತ್ತದೆ, ಆದರೆ ಗ್ರಾಂಗೆ ಪೂರಾ 4 ಕ್ಯಾಲೊರಿ. ಇವೂ ವಿನಾಯಿತಿಯ ಸಾಲಿನಲ್ಲಿ ನಿಂತರೆ ಗೆರೆಯನ್ನು ಎಲ್ಲಿ ಎಳೆಯುವುದು ಎಂಬುದಕ್ಕೆ 2020ರ ಮಾರ್ಗಸೂಚಿಯಲ್ಲಿ ಉತ್ತರವಿಲ್ಲ.