ಸಾಂದ್ರಕದ ವಿನ್ಯಾಸ: ಎಷ್ಟು ಪಟ್ಟು ಎಂಬುದು ಕೊನೆಯ ಪ್ರಶ್ನೆ

ಬಾಹ್ಯಾಕಾಶ ನೌಕೆಗೆ ಬೆಳಕಿನ ಸಾಂದ್ರಕ, ಅಂದರೆ ಬಿಸಿಲನ್ನು ಮಸೂರ ಅಥವಾ ದರ್ಪಣದಿಂದ ಪುಟ್ಟ ಸೌರ ಸೆಲ್‌ಗಳ ಮೇಲೆ ಕೂಡಿಸುವ ಸಾಧನ, ಬೇಕೆಂದು ಬರುವವರು ಮೊದಲು ಕೇಳುವುದು, ಬಿಸಿಲನ್ನು ಎಷ್ಟು ಪಟ್ಟು ಹೆಚ್ಚಿಸಿ ಕೊಡುತ್ತೀರಿ ಎಂದು. ನಾನು ತಿರುಗಿ ಕೇಳುವುದು, ನಿಮ್ಮ ನೌಕೆ ಸೂರ್ಯನ ನೇರದಿಂದ ಎಷ್ಟು ಡಿಗ್ರಿ ವಾಲೀತು ಎಂದು. ಸಾದಾ ಸೌರಫಲಕ 5 ಡಿಗ್ರಿ ಓರೆಯಾದರೆ ಕಳೆದುಕೊಳ್ಳುವುದು ಶೇ. 0.4ರಷ್ಟು ವಿದ್ಯುತ್ತನ್ನು ಮಾತ್ರ. ಸಾಂದ್ರಕದ ವಿಷಯ ಹಾಗಲ್ಲ. ಅದರ ಸ್ವೀಕಾರ ಕೋನ, ಅಂದರೆ ಅದು ತಾಳಬಲ್ಲ ವಾಲಿಕೆಯ ಮಿತಿ, ದಾಟಿದೊಡನೆ ಮಸೂರ ಕೂಡಿಸಿದ ಬೆಳಕಿನ ಪಟ್ಟಿ ಸೆಲ್‌ನ ಅಂಚಿನಿಂದ ಆಚೆಗೆ ಜಾರಿ, ವಿದ್ಯುತ್ ಏಕಾಏಕಿ ಕುಸಿಯುತ್ತದೆ.

ಭೂಮಿಯ ದೂರದಿಂದ ಸೂರ್ಯಬಿಂಬ ಸುಮಾರು ಅರ್ಧ ಡಿಗ್ರಿ ಅಗಲ ಕಾಣುವುದರಿಂದ, ಬೆಳಕನ್ನು ಗೆರೆಯಾಗಿ ಕೂಡಿಸುವ ಸಾಂದ್ರಕ ತಾತ್ತ್ವಿಕವಾಗಿ 215 ಪಟ್ಟಿನವರೆಗೆ ಹೋಗಬಹುದು. ಆದರೆ ಎರಡೂ ಬದಿಗೆ 5 ಡಿಗ್ರಿ ಸಡಿಲ ಬೇಕೆಂದರೆ ಆ ಮಿತಿ 11 ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. 1998ರ ಅಕ್ಟೋಬರ್‌ನಲ್ಲಿ ಹಾರಿದ ನಾಸಾದ ಡೀಪ್ ಸ್ಪೇಸ್ 1 ನೌಕೆಯ ‘ಸ್ಕಾರ್ಲೆಟ್’ ಫಲಕದಲ್ಲಿ 720 ಫ್ರೆನೆಲ್ ಮಸೂರಗಳು (ಸಣ್ಣ ಗೀರುಗಳಿರುವ ತೆಳು ಮಸೂರಗಳು) 3,600 ಸೆಲ್‌ಗಳ ಮೇಲೆ ಬೆಳಕು ಕೂಡಿಸಿ, ಸುಮಾರು 2.5 ಕಿಲೋವ್ಯಾಟ್ ವಿದ್ಯುತ್ ಕೊಟ್ಟು, ಅಯಾನ್ ಎಂಜಿನನ್ನು ನಡೆಸಿದವು. ಅಲ್ಲಿನ ಸಾಂದ್ರತೆ ಏಳು ಪಟ್ಟಿನಷ್ಟೇ. ಅದು ಅಂಜಿಕೆಯಲ್ಲ, ಲೆಕ್ಕಾಚಾರ.

ದರ್ಪಣ ಹಗುರ, ಅಗ್ಗ ಎಂಬ ವಾದವೂ ಇದೆ. ಆದರೆ ದರ್ಪಣದ ಮೈ ಒಂದು ಡಿಗ್ರಿ ಬಾಗಿದರೆ ಕಿರಣ ಎರಡು ಡಿಗ್ರಿ ತಪ್ಪುತ್ತದೆ. ಕಮಾನಿನಂತೆ ಬಾಗಿಸಿದ ಮಸೂರದಲ್ಲಾದರೋ ಒಳಮೈಯ ದೋಷವನ್ನು ಹೊರಮೈಯ ದೋಷ ಬಹುಮಟ್ಟಿಗೆ ಸರಿದೂಗಿಸುತ್ತದೆ. ನೆರಳಿಗೂ ಬಿಸಿಲಿಗೂ ದಿನವಿಡೀ ಸೊಟ್ಟಗಾಗುತ್ತಲೇ ಇರುವ ತೆಳು ಚೌಕಟ್ಟಿನ ಮೇಲೆ ನಾನು ಮಸೂರವನ್ನೇ ಆರಿಸುತ್ತೇನೆ.

ಇನ್ನು ಶಾಖ. ಅಲ್ಲಿ ಗಾಳಿಯಿಲ್ಲ, ವಿದ್ಯುತ್ತಾಗದೆ ಉಳಿದ ಶಾಖವೆಲ್ಲ ವಿಕಿರಣವಾಗಿಯೇ ಹೋಗಬೇಕು. ಮಸೂರ ಅಗಲವಾದಷ್ಟೂ ಸೆಲ್‌ನ ಶಾಖ ಹಿಂಬದಿಯ ತಗಡಿನಲ್ಲಿ ದೂರ ಹರಡಬೇಕಾಗುತ್ತದೆ, ತಗಡು ದಪ್ಪವಾಗುತ್ತದೆ, ಸೆಲ್ ಕಡಿಮೆ ಮಾಡಿ ಉಳಿಸಿದ ತೂಕ ಅಲ್ಲಿಗೇ ಖರ್ಚಾಗುತ್ತದೆ. ಹಾಗಾಗಿ ಕೆಲವೇ ಸೆಂಟಿಮೀಟರ್ ಅಗಲದ ಮಸೂರಗಳ ಸಾಲು ಲೇಸು.

ಶಾಖದ ಇನ್ನೊಂದು ಕಾಟ ಆವಿ. 1999ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ ಬೋಯಿಂಗ್ 702 ಮಾದರಿಯ ಉಪಗ್ರಹಗಳಲ್ಲಿ ಫಲಕದ ಇಕ್ಕೆಲಗಳಲ್ಲೂ ಓರೆಯಾಗಿ ಪ್ರತಿಫಲಕಗಳಿದ್ದವು. ಫಲಕದಿಂದಲೇ ಹೊಮ್ಮಿದ ಆವಿ ಅವುಗಳ ಮೇಲೆ ಮಬ್ಬಾಗಿ ಕೂತು, ವಿದ್ಯುತ್ ನಿರೀಕ್ಷೆಗಿಂತ ಬೇಗ ಇಳಿಯತೊಡಗಿತು. ಮುಂದಿನ ಉಪಗ್ರಹಗಳಲ್ಲಿ ಆ ವಿನ್ಯಾಸವನ್ನೇ ಕೈಬಿಡಲಾಯಿತು. ಹೊಗೆ ಹಿಡಿದ ಲಾಟೀನಿನ ಗಾಜನ್ನಾದರೆ ಒರೆಸಬಹುದು, ಇದನ್ನು ಒರೆಸುವವರಾರು? ಆದ್ದರಿಂದ ಯಾವ ನಕ್ಷೆ ಬಂದರೂ, ಬಿಸಿಯಾಗುವ ಪ್ರತಿಯೊಂದು ಅಂಟಿನ ಜಾಗದಿಂದ ಮಸೂರ, ದರ್ಪಣಗಳತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ನೋಡುತ್ತೇನೆ. ಗೆರೆ ಅಡ್ಡಿಯಿಲ್ಲದೆ ತಲುಪಿದರೆ, ಆ ಅಂಟು ನಿರ್ವಾತದಲ್ಲಿ ಎಷ್ಟು ಆವಿ ಬಿಡುತ್ತದೆ ಎಂಬ ಪರೀಕ್ಷೆಯ ವರದಿ ಕೈಸೇರುವವರೆಗೆ ನಕ್ಷೆಗೆ ಸಹಿ ಹಾಕುವುದಿಲ್ಲ.